ಹೊಗೆ ಪಾಸು, ಬ್ರೇಕು ದೇವರ ದಯೆ

ನನ್ನ ಬೈಕಿಗೆ 11 ವರ್ಷ ತುಂಬಿತು. ಹಿಂದಿನ ಟೈರು ಯಜಮಾನನ ನೆತ್ತಿಯೊಂದಿಗೆ ಪೈಪೋಟಿಗೆ ಬಿದ್ದು ಬೋಳಾಗಿದೆ. ಹಂಪ್ಸ್ ಹತ್ತಿ ಇಳಿದಾಗಲೆಲ್ಲ ಚೈನು ಗೆಜ್ಜೆ ಕಟ್ಟಿಕೊಂಡಂತೆ ಕುಣಿಯುತ್ತದೆ. ಬ್ರೇಕನ್ನು ಬ್ಯಾಂಕಿನ ಮುಂದೆ ತುಳಿದರೆ ಅಂಚೆ ಕಚೇರಿಯ ಮುಂದೆ ಹಿಡಿಯುತ್ತದೆ. ಅಂಚೆ ಕಚೇರಿಯಲ್ಲಿ ಕೆಲಸ ಇರುವ ದಿನ ಅದೂ ಒಂದು ಅನುಕೂಲವೇ. ಇಷ್ಟಿದ್ದೂ ಸರ್ಕಾರದ ದಾಖಲೆಯಲ್ಲಿ ಈ ಗಾಡಿಗೆ ಯಾವ ಕಾಯಿಲೆಯೂ ಇಲ್ಲ. ಅನುಮಾನವಿದ್ದರೆ ಕಾಗದ ತೋರಿಸುತ್ತೇನೆ, ಲ್ಯಾಮಿನೇಷನ್ ಮಾಡಿಸಿಟ್ಟಿದ್ದೇನೆ.

ಆ ಕಾಗದ, ಅಂದರೆ ಹೊಗೆ ತಪಾಸಣೆಯ ಸರ್ಟಿಫಿಕೇಟು, ಹುಟ್ಟುವುದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ಒಂದು ಹಳೇ ವ್ಯಾನಿನಲ್ಲಿ. ಊರಿನ ಗಾಡಿಗಳಿಗೆಲ್ಲ ಯೋಗ್ಯತಾಪತ್ರ ಕೊಡುವ ಆ ವ್ಯಾನು ಕೊನೆಯ ಸಲ ಓಡಿದ್ದು ಯಾವಾಗ ಎಂದು ಬಂಕಿನವರಿಗೂ ನೆನಪಿಲ್ಲ. ಚಕ್ರದ ಸಂದಿಯಲ್ಲಿ ಗರಿಕೆ ಬೆಳೆದಿದೆ. ಹೋದ ತಿಂಗಳು ಹೋದಾಗ ಒಳಗಿದ್ದ ಹುಡುಗ ರೀಲ್ಸ್ ನೋಡುತ್ತಿದ್ದ. ಅದನ್ನು ನಿಲ್ಲಿಸದೆಯೇ ಇನ್ನೊಂದು ಕೈಯಲ್ಲಿ ಕೊಳವೆ ಎಳೆದು ತಂದು ಸೈಲೆನ್ಸರಿಗೆ ತುರುಕಿದ.

"ಸ್ಟಾರ್ಟ್ ಮಾಡ್ಲೇನಪ್ಪ?" ಎಂದೆ.

"ಏನೂ ಬೇಡ ಸಾರ್. ನೀವು ಆ ಕಡೆ ಬನ್ನಿ, ನಂಬರ್ ಪ್ಲೇಟಿಗೆ ಅಡ್ಡ ಬರ್ತಿದೀರ."

ಫೋಟೋ ಹೊಡೆದ. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿತು. ಪ್ರಿಂಟರು ಕೆಮ್ಮಿತು. ಅಲ್ಲಿ ಹೊಗೆ ಕುಡಿದವರಂತೆ ಕಂಡದ್ದು ಅದೊಂದೇ. "ಪಾಸ್ ಸಾರ್. ಫೋನ್‌ಪೇನಾ, ಕ್ಯಾಷಾ?" ಆಫ್ ಆಗಿ ತಣ್ಣಗೆ ನಿಂತಿದ್ದ ಇಂಜಿನ್ನು ಎಷ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಿತು ಎನ್ನುವುದನ್ನು ಆ ಕಾಗದದಲ್ಲಿ ದಶಮಾಂಶ ಸ್ಥಾನದವರೆಗೆ ಬರೆಯಲಾಗಿತ್ತು. ವಿಜ್ಞಾನ ಇಷ್ಟು ಮುಂದುವರಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಪರೀಕ್ಷೆಯಲ್ಲಿ ತಪ್ಪಿಲ್ಲ ಅನ್ನಿ. ನಿಜವಾಗಿ ಮಾಡಿದರೆ ಅದು ಇಂಜಿನ್ನಿಗೆ ರಕ್ತಪರೀಕ್ಷೆ ಇದ್ದಂತೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ ಹೋಗುತ್ತಿದೆ, ಏರ್ ಫಿಲ್ಟರು ಕಟ್ಟಿಕೊಂಡಿರಬಹುದು ಎಂದು ಅರ್ಥ. ಹೈಡ್ರೋಕಾರ್ಬನ್ ಏರಿದ್ದರೆ ಪ್ಲಗ್ಗು ಸರಿಯಾಗಿ ಕಿಡಿ ಹಾರಿಸುತ್ತಿಲ್ಲವೇನೋ ಎಂದು ಬಿಚ್ಚಿ ನೋಡಬೇಕು. ನಾವು ಮಾಡುವುದೇನು? ಬಿಎಸ್3 (ಭಾರತ್ ಸ್ಟೇಜ್ ಎಂಬ ಹೊಗೆ ಮಿತಿಯ ಮೂರನೇ ಹಂತ) ಗಾಡಿಯವರು ಆರು ತಿಂಗಳಿಗೊಮ್ಮೆ, ಬಿಎಸ್4ರಿಂದ ಈಚಿನವರು ವರ್ಷಕ್ಕೊಮ್ಮೆ ಆ ರಿಪೋರ್ಟು ತಂದು, ಓದದೆ, ಮಡಚಿ, ಸೀಟಿನ ಕೆಳಗೆ ಇಡುತ್ತೇವೆ. ಹೊಗೆಯ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಜೈಲಿನ ಭಯಕ್ಕೆ ಜನ ಹೊಗೆ ಕಡಿಮೆ ಮಾಡಲಿಲ್ಲ, ಕಾಗದ ಹೆಚ್ಚು ಮಾಡಿಕೊಂಡರು.

ಬ್ರೇಕಿನ ಸುದ್ದಿ? ಅದಕ್ಕೆ ಸರ್ಕಾರ ತಾಳ್ಮೆಯಿಂದ ಕಾಯುತ್ತದೆ. ಆಟೋ, ಟ್ಯಾಕ್ಸಿ, ಲಾರಿಗಳು ಹೊಸದರಲ್ಲಿ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್ನೆಸ್ ಸರ್ಟಿಫಿಕೇಟು, ಅಂದರೆ ಎಫ್‌ಸಿ ಮಾಡಿಸಬೇಕು. ನಮ್ಮ ನಿಮ್ಮ ಬೈಕಿಗೆ ನೋಂದಣಿ 15 ವರ್ಷ. ಅಲ್ಲಿಯವರೆಗೆ ಆರ್‌ಟಿಓ ಕಚೇರಿ ಅದರ ಮುಖ ನೋಡುವುದಿಲ್ಲ. ಗಾಡಿ ಕೊಂಡ ವರ್ಷ ಹುಟ್ಟಿದ ಮಗು ಎಸ್‌ಎಸ್‌ಎಲ್‌ಸಿ ಬರೆಯುವ ಹೊತ್ತಿಗೆ ಅಧಿಕಾರಿಗಳು ಕನ್ನಡಕ ಏರಿಸಿ, "ಎಲ್ಲಿ, ಬ್ರೇಕ್ ಹಿಡಿಯುತ್ತಾ?" ಎಂದು ಕೇಳುತ್ತಾರೆ. ಅಷ್ಟರಲ್ಲಿ ಮಗುವಿಗೇ ಉತ್ತರ ಗೊತ್ತಿರುತ್ತದೆ, ಅಪ್ಪನಿಗೆ ಗೊತ್ತಾಗದಂತೆ ಅದೇ ಓಡಿಸುತ್ತಿರುತ್ತದೆ.

ಟೈರಿಗೂ ಕಾನೂನಿದೆ. ಬೈಕಿನ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಆಳವಿರಬಾರದು. ಅಂದರೆ ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡಿನ ದಪ್ಪ. ಇದನ್ನು ಅಳೆಯಲು ಯಾರಾದರೂ ನಿಮ್ಮನ್ನು ರಸ್ತೆಯಲ್ಲಿ ನಿಲ್ಲಿಸಿದ್ದುಂಟೆ? ನನ್ನನ್ನು ನಿಲ್ಲಿಸಿದಾಗಲೆಲ್ಲ ಎಟಿಎಂ ಕಾರ್ಡು ಹೊರಗೆ ಬಂದಿದೆ ನಿಜ, ಟೈರಿಗಾಗಿ ಮಾತ್ರ ಅಲ್ಲ. ನಂಬರ್ ಪ್ಲೇಟಿನ ಮೇಲೆ ಇರುವ ಪ್ರೀತಿಯೇ ಬೇರೆ. ಹಳೇ ಗಾಡಿಗಳಿಗೆಲ್ಲ ಹೈ ಸೆಕ್ಯೂರಿಟಿ ನಂಬರ್ ಪ್ಲೇಟು, ಅಂದರೆ ಎಚ್‌ಎಸ್‌ಆರ್‌ಪಿ ಹಾಕಿಸಿ ಎಂದು 2023ರ ನವೆಂಬರ್ 17ರ ಗಡುವು ಕೊಟ್ಟರು. ಅದು ಫೆಬ್ರವರಿಗೆ ಹೋಯಿತು, ಮೇಗೆ ಹೋಯಿತು, ಸೆಪ್ಟೆಂಬರಿಗೆ ಹೋಯಿತು. ನಾನು ಮಾತ್ರ ಶಿಸ್ತಿನಿಂದ ಮೊದಲೇ ಹಾಕಿಸಿದೆ. ಈಗ ನನ್ನ ಗಾಡಿಯಲ್ಲಿ ಗಟ್ಟಿಯಾಗಿ ಕೂತಿರುವ ಭಾಗ ಅದೊಂದೇ. ಗಾಡಿ ಕಂಡವರ ಮೈಮೇಲೆ ಹೋದರೂ ಅದರ ನಂಬರನ್ನು ಸ್ಪಷ್ಟವಾಗಿ ಓದಬಹುದು.

ಇನ್ನು ಸರ್ವೀಸ್ ಸೆಂಟರ್. ಹೊಸದರಲ್ಲಿ ಫ್ರೀ ಸರ್ವೀಸ್ ಕೂಪನ್ ಕೊಟ್ಟಿದ್ದರು. ಫ್ರೀ ಎಂದರೆ ಕೂಲಿ ಮಾತ್ರ ಫ್ರೀ, ಉಳಿದದ್ದಕ್ಕೆ ಬಿಲ್ಲು ಎಂದು ತಿಳಿಯಲು ಒಂದು ಸರ್ವೀಸ್ ಸಾಕಾಯಿತು. ಮೊನ್ನೆ ದುಡ್ಡು ಕೊಟ್ಟು ಮಾಡಿಸುವ ಸರ್ವೀಸಿಗೇ ಬಿಟ್ಟೆ. "ಹಿಂದಿನ ಬ್ರೇಕ್ ಹಿಡೀತಿಲ್ಲ" ಎಂದು ಮೂರು ಸಲ ಹೇಳಿದೆ. ಟೈ ಕಟ್ಟಿದ ಹುಡುಗ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆದುಕೊಂಡು, "ಸಾರ್, ಟೆಫ್ಲಾನ್ ಕೋಟಿಂಗ್ ಮಾಡಿಸಿಬಿಡಿ, ಗಾಡಿ ಹೊಸದರ ಹಾಗೆ ಕಾಣುತ್ತೆ" ಎಂದ. ಕಾಣಿಸಿತು ಕೂಡ. ಸಂಜೆ ಹೋದರೆ ಗಾಡಿ ಮದುವಣಗಿತ್ತಿಯಂತೆ ನಿಂತಿತ್ತು. ಟ್ಯಾಂಕಿನಲ್ಲಿ ಮುಖ ನೋಡಿ ಕ್ರಾಪು ಬಾಚಿಕೊಳ್ಳಬಹುದಿತ್ತು, ಕ್ರಾಪು ಇದ್ದಿದ್ದರೆ. ಬಿಲ್ಲಿನಲ್ಲಿ 'ಕನ್ಸ್ಯೂಮಬಲ್ಸ್' ಎಂಬ ಸಾಲಿತ್ತು. ಏನದು ಎಂದೆ. ಗಾಡಿ ಒರೆಸಿದ ಬಟ್ಟೆಯಂತೆ. ಬ್ರೇಕು ಮಾತ್ರ ಮೊದಲಿನಂತೆಯೇ ಅಂಚೆ ಕಚೇರಿಗೆ ಹೋಗಿ ನಿಂತಿತು.

ಮಾರನೇ ದಿನ ಫೋನು. "ಸಾರ್, ನಮ್ಮ ಸರ್ವೀಸಿಗೆ 10ಕ್ಕೆ ಎಷ್ಟು ಕೊಡ್ತೀರಾ?" ಸಂಕೋಚದಿಂದ ಎಂಟು ಎಂದೆ. ಆ ಹುಡುಗಿ ಅಳುವುದೊಂದು ಬಾಕಿ. "ಒಂಬತ್ತು ಕೊಟ್ರೂ ನಮಗೆ ಸೊನ್ನೆ ಬಿದ್ದಂಗೆ ಸಾರ್, ದಯವಿಟ್ಟು ಹತ್ತು ಅನ್ನಿ." ಹತ್ತು ಅಂದೆ. ಹೀಗೆ ಹೊಗೆಗೆ ಪಾಸು, ಸರ್ವೀಸಿಗೆ 10ಕ್ಕೆ 10. ಮನೆಯಲ್ಲಿ ಮಕ್ಕಳಿಗೂ ಇಷ್ಟು ಅಂಕ ಬಂದಿರಲಿಲ್ಲ.

ಇವೆಲ್ಲ ಸಣ್ಣಪುಟ್ಟ ತಪಾಸಣೆಗಳು. ವಾರ್ಷಿಕ ಮಹಾತಪಾಸಣೆ ನಡೆಯುವುದು ಆಯುಧ ಪೂಜೆಯ ದಿನ. ವರ್ಷವಿಡೀ ಗಾಡಿಯ ಕಡೆ ಬಗ್ಗಿ ನೋಡದವರು ಅಂದು ಮಂಡಿಯೂರಿ ಕೂತು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಚಕ್ರದ ಕಡ್ಡಿ ಕಡ್ಡಿ ಉಜ್ಜುತ್ತಾರೆ. ನನ್ನ ಭಾವಮೈದನದು ದೊಡ್ಡ ಗಾಡಿ, ಎಬಿಎಸ್ ಇದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರಬಾರದೆಂದು 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲಿನಿಂದ ಅದನ್ನು ಕಡ್ಡಾಯ ಮಾಡಿದ್ದಾರೆ. ಭಾವಮೈದ ಆ ಬ್ರೇಕಿನ ಡಿಸ್ಕನ್ನು ತೊಳೆದು, ಒರೆಸಿ, ಹೊಳಪು ಸಾಲದೆಂದು ಕೊಬ್ಬರಿ ಎಣ್ಣೆ ಸವರಿ, ಮೇಲೆ ಮೂರು ಗೆರೆ ವಿಭೂತಿ ಎಳೆದ. ಇನ್ನು ಚಕ್ರ ಕಚ್ಚಿಕೊಳ್ಳುವ ಭಯವೇ ಇಲ್ಲ. ಉಳಿದ ಎಣ್ಣೆಯನ್ನು ಟೈರಿಗೆ ಬಳಿದ, ನೆಲಕ್ಕೆ ತಾಗುವ ಭಾಗವೂ ಮಿಂಚಲಿ ಎಂದು.

ಹ್ಯಾಂಡಲ್ಲಿಗೆ ಬಾಳೆಕಂದು, ಹೆಡ್‌ಲೈಟಿಗೆ ಅರಿಶಿನ ಕುಂಕುಮ, ಮೀಟರಿನ ಗಾಜಿಗೆ ಗಂಧ, ಸೇವಂತಿಗೆಯ ಹಾರ. ಹಾರದ ತುದಿ ಚೈನಿಗೆ ಸುತ್ತಿಕೊಂಡು, ಮೊದಲ ತಿರುವಿನಲ್ಲೇ ಗಾಡಿ ನಿಂತಿತು. ಆ ದಿನ ಬ್ರೇಕಿನ ಕೆಲಸ ಮಾಡಿದ್ದು ಹೂವೇ. ಎರಡೂ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ನಿಂಬೆಹಣ್ಣು ಪಚಕ್ ಎಂದರೆ ಗಾಡಿ ಪಾಸು. ಕೊನೆಗೆ ನಾಲ್ಕು ದಾರಿ ಕೂಡುವಲ್ಲಿ ಬೂದುಗುಂಬಳ. ಹಾಗೆ ಒಡೆಯಬೇಡಿ, ಗಾಡಿಗಳು ಜಾರುತ್ತವೆ ಎಂದು ಪೊಲೀಸರು ಪ್ರತಿ ವರ್ಷ ಕೇಳಿಕೊಳ್ಳುತ್ತಾರೆ, ಪಾಪ. ನಮ್ಮ ಬೀದಿಯ ಗಾಡಿಗಳ ದೃಷ್ಟಿಯೆಲ್ಲ ಸುರಕ್ಷಿತವಾಗಿ ರಸ್ತೆಗೆ ಇಳಿಯಿತು. ಐದೇ ನಿಮಿಷಕ್ಕೆ ಪಕ್ಕದ ಬಡಾವಣೆಯ ಹುಡುಗನೊಬ್ಬ ಅದರ ಮೇಲೆ ಸ್ಕೂಟರು ಹಾಯಿಸಿ ಕುಂಕುಮದ ನೀರಿನಲ್ಲಿ ಮಲಗಿದ. ಎತ್ತಿ ಕೂರಿಸಿದ ನಮ್ಮ ಭಾವಮೈದ ಮೊದಲು ಕೇಳಿದ್ದು, "ಯಾಕಪ್ಪಾ, ಪೂಜೆ ಮಾಡಿಸಿಲ್ವಾ ಗಾಡಿಗೆ?"

ಈ ನಾಡಿನಲ್ಲಿ ನಿಯತ್ತಾಗಿ ನಡೆಯುತ್ತಿರುವ ತಪಾಸಣೆ ಎಂದರೆ "ಸ್ಟ್ಯಾಂಡು! ಸ್ಟ್ಯಾಂಡು!" ಒಂದೇ. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟರೆ ಸಾಕು, ಬಸ್ಸಿನ ಕಿಟಕಿಯಿಂದ, ಎಳನೀರು ಗಾಡಿಯಿಂದ, ಎದುರು ಬರುವ ಆಟೋದಿಂದ ಕೂಗು ಬರುತ್ತದೆ. ಸಂಬಳವಿಲ್ಲ, ಕಚೇರಿಯಿಲ್ಲ, ಭಾನುವಾರವೂ ರಜೆಯಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಸ್ಟ್ಯಾಂಡ್ ಎತ್ತದಿದ್ದರೆ ಇಂಜಿನ್ನೇ ಓಡುವುದಿಲ್ಲ. ಹೀಗಾಗಿ ಈ ಇಲಾಖೆಗೂ ಬೀಗ ಬೀಳುವ ಕಾಲ ಹತ್ತಿರವಿದೆ.

ಕಡೆಗೆ ಗಾಡಿಯನ್ನು ಹುಣಸೇಮರದ ಕೆಳಗಿನ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆ. ಅವನಿಗೆ ಟೈ ಇಲ್ಲ, ಕಂಪ್ಯೂಟರಿಲ್ಲ, ಅಂಗಡಿಗೆ ಬಾಗಿಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಪೆಡಲನ್ನು ಕೈಯಲ್ಲಿ ಒತ್ತಿ, "ಸಾರ್, ಬನ್ನಿ ಇಲ್ಲಿ" ಎಂದ. ಹಿಂದಿನ ಡ್ರಮ್ಮಿನ ಹೊರಗೆ, ಬ್ರೇಕ್ ಲಿವರಿನ ಬುಡದಲ್ಲಿ, ಅಕ್ಕಿಕಾಳಿನಷ್ಟು ಒಂದು ಬಾಣ. ಅದರಾಚೆ ಪ್ಲೇಟಿನ ಮೇಲೆ ಒಂದು ಗುರುತು. ಬ್ರೇಕ್ ತುಳಿದಾಗ ಬಾಣ ಗುರುತಿಗೆ ಹೋಗಿ ಮುಟ್ಟಿದರೆ ಡ್ರಮ್ಮನ್ನು ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ, ಅಂದರೆ ಲೈನರ್, ಮುಗಿಯಿತು ಎಂದು ಲೆಕ್ಕ. ನನ್ನ ಬಾಣ ಗುರುತನ್ನು ಯಾವತ್ತೋ ದಾಟಿ ಮುಂದಿನ ಊರಿಗೆ ಹೊರಟಿತ್ತು.

"ಹನ್ನೊಂದು ವರ್ಷದಿಂದ ಇಲ್ಲೇ ಬರೆದಿದೆಯಲ್ಲ ಸಾರ್, ನೋಡಿಲ್ವಾ?"

"ನಾನು ಕಾಗದ ನೋಡ್ತಿದ್ದೆ ಕಣಪ್ಪ."

ಹಳೇ ಲೈನರನ್ನು ಬಿಚ್ಚಿ ಅಂಗೈಮೇಲಿಟ್ಟ. ಹಪ್ಪಳಕ್ಕಿಂತ ತೆಳ್ಳಗಿತ್ತು. ಹೊಸದು ಹಾಕಿ, ಚೈನು ಬಿಗಿದು, ನಡುವೆ ಬೆರಳಿಟ್ಟು ಎತ್ತಿ ತೋರಿಸಿದ. ಎರಡೂವರೆ ಸೆಂಟಿಮೀಟರಿನಷ್ಟು ಆಡಿತು, ಅಷ್ಟೇ ಆಡಬೇಕಂತೆ. ಟೈರು ಮುಂದಿನ ತಿಂಗಳ ಸಂಬಳಕ್ಕೆ ಎಂದು ಮಾತಾಯಿತು.

ಅಲ್ಲಿಂದ ಹೊರಟು ಬ್ಯಾಂಕಿನ ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ಕಂಡಿತು. ಅಭ್ಯಾಸದಂತೆ ತುಳಿದೆ. ಗಾಡಿ ಬ್ಯಾಂಕಿನ ಮುಂದೆಯೇ ನಿಂತುಬಿಟ್ಟಿತು. ನನಗೇ ಆಶ್ಚರ್ಯ. ಹಿಂದೆ ಬರುತ್ತಿದ್ದವನಿಗೆ ಇನ್ನೂ ಆಶ್ಚರ್ಯ. ಬಂದು ನನ್ನ ಎಚ್‌ಎಸ್‌ಆರ್‌ಪಿಗೆ ಗುದ್ದಿದ. ಇಳಿದು, ಹೆಲ್ಮೆಟ್ ತೆಗೆದು, ನಾಲ್ಕು ಜನ ಸೇರುವವರೆಗೆ ಕಾದು ಗದರಿದ:

"ಯಾಕ್ರೀ ಹಂಗೆ ದಿಢೀರ್ ಅಂತ ನಿಲ್ತೀರಾ? ಗಾಡಿ ಸರಿಯಾಗಿ ಇಟ್ಕೊಳೋಕಾಗಲ್ವಾ? ನನ್ ಗಾಡಿ ಎಮಿಷನ್ ಟೆಸ್ಟ್ ಇವತ್ತು ಬೆಳಗ್ಗೆ ತಾನೇ ಪಾಸಾಗಿದೆ!"