ಒಂಟೆಗೂ ಸಿಗ್ನಲ್ ಬಿದ್ದ ರೇಷ್ಮೆ ದಾರಿ

ರೇಷ್ಮೆ ದಾರಿಯಲ್ಲಿ ಹಿಂದಿನವರು ಹೆದರುತ್ತಿದ್ದದ್ದು ದರೋಡೆಗೆ, ನೀರಡಿಕೆಗೆ. ಈಗ ಹೆದರಬೇಕಾದದ್ದು ಗಡಿಯಾರಕ್ಕೆ. ಅಷ್ಟು ದೊಡ್ಡ ಚೀನಾಕ್ಕೆಲ್ಲ ಒಂದೇ ಗಂಟೆ, ಅದು ಬೀಜಿಂಗಿನದು. ಗಾನ್ಸು ಪ್ರಾಂತ್ಯದ ಪಶ್ಚಿಮ ತುದಿಯ ದುನ್‌ಹುವಾಂಗ್ ಹೆಚ್ಚುಕಮ್ಮಿ ನಮ್ಮ ಕೊಹಿಮಾದ ನೇರ ಉತ್ತರಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಅದು ನಮಗಿಂತ ಮುಕ್ಕಾಲು ಗಂಟೆ ಮುಂದೆ, ಸರ್ಕಾರದ ಲೆಕ್ಕದಲ್ಲಿ ಎರಡೂವರೆ ಗಂಟೆ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಒಂದೂ ಮುಕ್ಕಾಲರ ಸುಮಾರಿಗೆ. ‘ನಾಲ್ಕಾಯ್ತಲ್ಲ, ಬಿಸಿಲು ಇಳಿದಿರುತ್ತೆ’ ಎಂದು ಮರಳುದಿಬ್ಬ ಹತ್ತುವವರು ನಿಜಕ್ಕೂ ಹತ್ತುತ್ತಿರುವುದು ಎರಡೂಕಾಲರ ಬಿಸಿಲಲ್ಲಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ಸೂರ್ಯಾಸ್ತ ನೋಡಿಕೊಂಡೇ ಊಟ ಎಂದು ಪಣ ತೊಟ್ಟವರು ಸಂಜೆ ಎರಡು ಸಲ ತಿಂಡಿ ತಿನ್ನಬೇಕಾಗುತ್ತದೆ.

ಎರಡನೆಯ ಮೋಸ ರೈಲ್ವೆ ಸ್ಟೇಷನ್ನಿನದು. ಗಾನ್ಸುವಿನ ರಾಜಧಾನಿ ಲಾನ್‌ಝೌನಿಂದ ಪಶ್ಚಿಮದ ಶಿನ್‌ಜಿಯಾಂಗ್ ಪ್ರಾಂತ್ಯದ ಕಡೆಗೆ ಓಡುವ ವೇಗದ ರೈಲು ದುನ್‌ಹುವಾಂಗ್ ಊರಿಗೆ ಹೋಗುವುದಿಲ್ಲ, ಲಿಯುಯುವಾನ್ ದಕ್ಷಿಣ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿಂದ ಊರಿಗೆ ಸುಮಾರು 130 ಕಿಲೋಮೀಟರ್, ರಸ್ತೆಯಲ್ಲಿ ಎರಡು ಗಂಟೆ. ಶಿನ್‌ಜಿಯಾಂಗಿನ ಟುರ್ಪಾನ್ ಊರಲ್ಲೂ ಇದೇ ಕಥೆ. ‘ಟುರ್ಪಾನ್’ ಎಂದು ಬರೆದಿರುವ ಹಳೆಯ ಸ್ಟೇಷನ್ ಊರಿನಿಂದ 50 ಕಿಲೋಮೀಟರ್ ಆಚೆ ಇದೆ. ಹತ್ತಿರದ್ದು ‘ಟುರ್ಪಾನ್ ಉತ್ತರ’. ಟಿಕೆಟ್ಟಿನಲ್ಲಿ ದಿಕ್ಕಿನ ಹೆಸರು ಓದದೆ ಇಳಿದವರನ್ನು ಟ್ಯಾಕ್ಸಿಯವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ದುನ್‌ಹುವಾಂಗ್ ಊರಿಗೆ ಐದೇ ಕಿಲೋಮೀಟರ್ ದೂರದಲ್ಲಿ ಮಿಂಗ್‌ಶಾ ಮರಳುಬೆಟ್ಟ, ಅದರ ಬುಡದಲ್ಲಿ ಅರ್ಧಚಂದ್ರನ ಕೊಳ. ಒಂಟೆಸವಾರಿ ಇರುವುದು ಇಲ್ಲೇ. ಒಂಟೆ ಏಳುವಾಗ ಮೊದಲು ಹಿಂಗಾಲು ನೆಟ್ಟಗೆ ಮಾಡುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಕೂರುವಾಗ ಮೊದಲು ಮುಂಗಾಲು ಮಡಚುತ್ತದೆ, ಸವಾರ ಮತ್ತೆ ಮುಂದಕ್ಕೇ. ಎರಡೂ ಸಲ ಬೆನ್ನು ಹಿಂದಕ್ಕೆ ವಾಲಿಸಿ ಹಿಡಿ ಬಿಗಿಯಾಗಿ ಹಿಡಿಯಬೇಕು. ಮೊಬೈಲ್ ಹಿಡಿದು ಸೆಲ್ಫಿ ತೆಗೆಯಲು ಇದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಎರಡು ಡುಬ್ಬದ ತಳಿಯಾದ್ದರಿಂದ ನಡುವೆ ಕೂತವರು ಪಕ್ಕಕ್ಕೆ ಜಾರುವುದು ಕಡಿಮೆ. ಒಂಟೆಗಳ ಸಾಲು ಎಷ್ಟು ಉದ್ದವಾಯಿತೆಂದರೆ 2021ರಲ್ಲಿ ಅವಕ್ಕೆಂದೇ ಟ್ರಾಫಿಕ್ ಸಿಗ್ನಲ್ ಹಾಕಿದರು, ಹಸಿರಿಗೆ ನಡೆಯುವ ಒಂಟೆ, ಕೆಂಪಿಗೆ ನಿಲ್ಲುವ ಒಂಟೆ ಸಮೇತ. ಬೆಂಗಳೂರಿನವರು ತುಸು ನಾಚಬಹುದು: ಅಲ್ಲಿ ಒಂಟೆಗಳು ನಿಲ್ಲುತ್ತವೆ.

ದಿಬ್ಬ ಹತ್ತಲು ಮೊಣಕಾಲುದ್ದದ ಕಿತ್ತಳೆ ಬಣ್ಣದ ಚೀಲಗಳನ್ನು ಬಾಡಿಗೆಗೆ ಕೊಡುತ್ತಾರೆ, ಶೂ ಮೇಲೆ ಕಟ್ಟಿಕೊಳ್ಳಲು. ನೋಡಲು ವಿಕಾರ, ಆದರೆ ಬೇಡವೆಂದವರು ವಾರಗಟ್ಟಲೆ ಕಾಲ್ಚೀಲದಿಂದ ಗೋಬಿ ಮರುಭೂಮಿ ಕೊಡವುತ್ತಿರುತ್ತಾರೆ. ಮರಳಿನ ಮೇಲೆ ಹಾಸಿದ ಏಣಿ ಬಿಟ್ಟು ಪಕ್ಕದಲ್ಲಿ ಹತ್ತಿದರೆ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಕ್ಯಾಮೆರಾ ಲೆನ್ಸ್ ಅಲ್ಲಿ ಬದಲಿಸಬಾರದು. ಹೊರಗೆ ಚಾಚಿಕೊಳ್ಳುವ ಜೂಮ್‌ನೊಳಗೆ ಒಂದು ಕಣ ಹೊಕ್ಕರೂ ಆಮೇಲೆ ಅದು ಕರಕರ ಎನ್ನುತ್ತದೆ.

ದುನ್‌ಹುವಾಂಗ್ ಬಳಿಯ ಮೊಗಾವೊ ಬೌದ್ಧ ಗುಹೆಗಳದ್ದು ಬೇರೆಯೇ ಶಿಸ್ತು. ಕ್ರಿ.ಶ. 366ರಲ್ಲಿ ಶುರುವಾದ ಕೆಲಸ. ಚಿತ್ರಗಳಿರುವ ಗುಹೆಗಳು 492. ನಿಮಗೆ ತೋರಿಸುವುದು ಎಂಟು, ಯಾವ ಎಂಟು ಎಂಬುದು ಮಾರ್ಗದರ್ಶಿಯ ಇಷ್ಟ. ಈ ಟಿಕೆಟ್ ಸಿಗುವುದು ದಿನಕ್ಕೆ 6,000 ಮಂದಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ತಡ ಮಾಡಿದವರಿಗೆ ಸಿಗುವುದು ನಾಲ್ಕು ಗುಹೆಯ ತುರ್ತು ಟಿಕೆಟ್. ಗುಹೆಯೊಳಗೆ ದೀಪವಿಲ್ಲ, ಫೋಟೊ ಇಲ್ಲ, ಮಾರ್ಗದರ್ಶಿಯ ಟಾರ್ಚ್ ಬಿದ್ದಲ್ಲಿ ಮಾತ್ರ ಬುದ್ಧ. ಇದು ಬಿಗುಮಾನವಲ್ಲ. ಜನರ ಉಸಿರಿನ ತೇವಕ್ಕೆ ಗೋಡೆಯೊಳಗಿನ ಉಪ್ಪು ಕರಗಿ, ಮತ್ತೆ ಹರಳುಗಟ್ಟುವಾಗ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ‘ಆಹಾ’ ಎನ್ನುವುದಿದ್ದರೆ ಹೊರಗೆ ಬಂದು ಅನ್ನಿ.

ಸಸ್ಯಾಹಾರಿಗಳಿಗೆ ಎರಡೇ ಮಾತು. ಲಾನ್‌ಝೌ ನೂಡಲ್ಸಿನ ಮೇಲಿನ ಮಾಂಸ ತೆಗೆದಿಟ್ಟರೆ ಪ್ರಯೋಜನವಿಲ್ಲ, ಸಾರೇ ದನದ ಮೂಳೆಯದು. ದುನ್‌ಹುವಾಂಗಿನ ಹಳದಿ ನೂಡಲ್ಸಿನ ಜೊತೆಗೆ ಬರುವುದು ಕತ್ತೆ ಮಾಂಸ. ‘ಮಾಂಸ ತಿನ್ನುವುದಿಲ್ಲ, ಮಾಂಸದ ಸಾರೂ ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡು ತೋರಿಸುವುದೇ ಕ್ಷೇಮ. ಏಪ್ರಿಕಾಟ್ ಪಾನಕವನ್ನು ಧೈರ್ಯವಾಗಿ ಕುಡಿಯಬಹುದು.

ಹಳೆಯ ಗಡಿಠಾಣೆಯಾದ ಯುಮೆನ್ ದ್ವಾರಕ್ಕೆ ಊರಿಂದ 90 ಕಿಲೋಮೀಟರ್ ಹೋದವರು ಮೊದಲು ಕೇಳುವುದು ‘ಇಷ್ಟೇನಾ?’ ಎಂದು. ಇಷ್ಟೇ: ಬಯಲಲ್ಲಿ ಒಂದು ಚೌಕ ಮಣ್ಣಿನ ಕೋಟೆ. ಹತ್ತಿರದ, ಹಾನ್ ರಾಜವಂಶದ ಕಾಲದ ಗೋಡೆಯನ್ನು ಬಗ್ಗಿ ನೋಡಿದರೆ ಮಾತ್ರ ಹಣ ವಸೂಲಿ, ಜಲ್ಲಿಯ ನಡುನಡುವೆ ಪದರ ಪದರವಾಗಿ ಜೊಂಡು ಹಾಸಿ ಕಟ್ಟಿದ್ದು ಎರಡು ಸಾವಿರ ವರ್ಷದ ಮೇಲೂ ನಿಂತಿದೆ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಪರವಾನಗಿ ಇಲ್ಲದೆ ಕದ್ದು ದಾಟಿದ್ದು ಇದೇ ಹೆಸರಿನ ದ್ವಾರವನ್ನು. ಅವನ ಕಾಲಕ್ಕೆ ಅದು ಪೂರ್ವಕ್ಕೆ ಸ್ಥಳಾಂತರವಾಗಿತ್ತು. ಆಚೆಯ ಮರುಭೂಮಿಯಲ್ಲಿ ಕೈಜಾರಿ ನೀರಿನ ಚೀಲ ಪೂರ್ತಿ ಚೆಲ್ಲಿತು. ನಾಲ್ಕು ರಾತ್ರಿ, ಐದು ಹಗಲು ಹನಿ ನೀರಿಲ್ಲದೆ ಹೋದ ಮೇಲೆ ದಾರಿ ಬಲ್ಲ ಮುದಿ ಕುದುರೆಯೇ ನೀರಿನ ಬಳಿಗೆ ಒಯ್ದಿತೆಂದು ಅವನ ಜೀವನಚರಿತ್ರೆ ಹೇಳುತ್ತದೆ. ನೀರನ್ನು ಒಂದೇ ಬಾಟಲಿಯಲ್ಲಿ ಒಯ್ಯಬೇಡಿ.

ಟುರ್ಪಾನ್ ಮುಟ್ಟಿದರೆ ಗಡಿಯಾರ ಮತ್ತೆ ಕಾಡುತ್ತದೆ. ಅಲ್ಲಿ ಬೀಜಿಂಗ್ ಗಂಟೆಯ ಜೊತೆ ಎರಡು ಗಂಟೆ ಹಿಂದಿನ ಸ್ಥಳೀಯ ಗಂಟೆಯೂ ಬಳಕೆಯಲ್ಲಿದೆ. ‘ಹತ್ತಕ್ಕೆ ಹೊರಡೋಣ’ ಎಂದರೆ ಯಾವ ಹತ್ತು ಎಂದು ಕೇಳಲೇಬೇಕು. ನೆರಳೇ ಇಲ್ಲದ ಜಿಯಾವೊಹೆಯ ಹಾಳು ಪಟ್ಟಣಕ್ಕಂತೂ ಯಾವ ಗಡಿಯಾರದ ಹತ್ತೂ ತಡವೇ. ಬಿಸಿಲೇರಿದ ಮೇಲೆ ಸಾಲಾಗಿ ಬಾವಿ ತೋಡಿ ನೆಲದಡಿಯಲ್ಲೇ ನೀರು ಹರಿಸುವ ಕಾರೇಜ್ ಕಾಲುವೆಗಳಿಗೆ ಇಳಿದರೆ ತಂಪು. ಬೀದರಿನ ನೌಬಾದ್ ಸುರಂಗ ಕಂಡವರು ಸಾಲುಬಾವಿಗಳ ಉಪಾಯವನ್ನು ತಕ್ಷಣ ಗುರುತಿಸುತ್ತಾರೆ.

ಹೊರಡುವಾಗ ಹಾಮಿ ಕರಬೂಜ ಕೊಳ್ಳದವರಿಲ್ಲ. ಅದನ್ನು ಕತ್ತರಿಸಲೆಂದು ಚೂರಿಯನ್ನೂ ಕೊಳ್ಳುತ್ತಾರೆ. ಅಲಗು ಆರು ಸೆಂಟಿಮೀಟರ್ ದಾಟಿದ ಚೂರಿ ರೈಲು ಹತ್ತುವಂತಿಲ್ಲ, ತಪಾಸಣೆಯಲ್ಲೇ ಉಳಿಯುತ್ತದೆ. ಮಡಿಲಲ್ಲಿ ಇಡೀ ಹಣ್ಣು, ಎದುರಿಗೆ ಉದ್ದನೆಯ ಪ್ರಯಾಣ. ಹೋಳು ಮಾಡಿ ಡಬ್ಬಿಗೆ ತುಂಬಿದ್ದನ್ನೇ ಕೊಳ್ಳಿ, ಹಲ್ಲುಕಡ್ಡಿ ಕೇಳಿ ಪಡೆಯಿರಿ.