ಜಗುಲಿಯ ಪಾಠಕ್ಕೆ ಶಾಲು: ಪರ-ವಿರೋಧ

ಸಂಬಳವಿಲ್ಲದೆ ಮಕ್ಕಳಿಗೆ ಪಾಠ ಹೇಳುವ ಊರಿನವರನ್ನು ಆದರ್ಶ ವ್ಯಕ್ತಿಗಳೆಂದು ವೇದಿಕೆಗೆ ಕರೆದು ಸನ್ಮಾನಿಸುವುದು ಸರಿಯೇ? ಎರಡು ಕಡೆಯ ವಾದವನ್ನೂ ನಾನೇ ಬರೆದಿದ್ದೇನೆ. ನನ್ನ ಮನಸ್ಸು ಯಾವ ಕಡೆಗೆ ವಾಲಿದೆ ಎಂಬುದನ್ನು ಮುಚ್ಚಿಡಲು ನನಗೆ ಸಾಧ್ಯವಾಗಿಲ್ಲ.

ಪರ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋದಂತೆ ಊರೆಂದರೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಗುಡ್ಡದ ಓರೆಗೊಂದು, ತೋಟದ ತಲೆಗೊಂದು ಎಂಬಂತೆ ಚದುರಿದ ಒಂಟಿ ಮನೆಗಳು. ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಇಲ್ಲಿ ಹೆಚ್ಚು ದಿನಗಳ ಅಂತರವಿರುವುದಿಲ್ಲ. ಹಳ್ಳ ಉಕ್ಕಿ ಕಾಲುಸಂಕದ ಮೇಲೆ ನೀರು ಹರಿದ ದಿನ, ರಜೆ ಘೋಷಣೆಯಾಗಲಿ ಆಗದಿರಲಿ, ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಇಂಥ ಕಡೆ ಸಂಜೆಯ ಹೊತ್ತು ಜಗುಲಿಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಓದಿಸುವವರು ಒಬ್ಬರಿದ್ದರೆ ಹೋದ ಪಾಠ ಕೈಗೆ ಸಿಗುತ್ತದೆ.

ಅಂಥ ಒಂದು ಜಗುಲಿಯಲ್ಲಿ ಅಡಿಕೆ ಸುಗ್ಗಿಯ ಕಾಲದಲ್ಲಿ ನಾನು ಅರ್ಧ ಗಂಟೆ ಕುಳಿತಿದ್ದೆ. ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಮೇಲೆ, ಡಿ.ಎಡ್. ಮುಗಿಸಿ ಮನೆಯಲ್ಲಿದ್ದ, ಮಕ್ಕಳಿಂದ ‘ಅಕ್ಕೋರೆ’ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಮೂರನೆಯ ತರಗತಿಯ ಹುಡುಗನಿಗೆ 42ರಲ್ಲಿ 17 ಕಳೆಯಲು ಹೇಳಿದ್ದಳು. ಅವನು ಮೂರು ಸಲವೂ 35 ಎಂದ. ಅವಳು ಬೈಯಲಿಲ್ಲ, ನಾಲ್ಕು ಕರಟಗಳಿಗೆ ಹತ್ತತ್ತು ಅಡಿಕೆ ತುಂಬಿ, ಎರಡನ್ನು ಹೊರಗಿಟ್ಟು, “ಈಗ ನನಗೆ ಏಳು ಕೊಡು” ಎಂದಳು. ಹುಡುಗ ಹೊರಗಿದ್ದ ಎರಡನ್ನು ನೋಡಿದ, ಅವಳ ಮುಖ ನೋಡಿದ, ಆಮೇಲೆ ಒಂದು ಕರಟವನ್ನು ನೆಲಕ್ಕೆ ಸುರುವಿದ. ‘ದಶಕ ತೆಗೆದುಕೊಳ್ಳುವುದು’ ಎಂದರೇನು ಎಂಬುದು ಅವನಿಗೆ ತಿಳಿದದ್ದು ಆ ಸುರುವಿದ ಕ್ಷಣದಲ್ಲಿ. ಇದಕ್ಕೆ ಆದೇಶ ಬೇಕಿರಲಿಲ್ಲ, ಅನುದಾನ ಬೇಕಿರಲಿಲ್ಲ. ಆ ಮಗುವಿನ ತಪ್ಪು ಎಲ್ಲಿದೆ ಎಂದು ನೋಡುವ ತಾಳ್ಮೆ ಬೇಕಿತ್ತು.

ಇದು ಹೊಸ ಸಂಗತಿಯೂ ಅಲ್ಲ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ 15ರಿಂದ 35 ವರ್ಷದವರಿಗೆ ಅಕ್ಷರ ಕಲಿಸಲು ಹೊರಟಾಗ ನೆಚ್ಚಿಕೊಂಡದ್ದು ಸಂಬಳವಿಲ್ಲದ ಸ್ವಯಂಸೇವಕರನ್ನೇ. ಕೇರಳದ ಎರ್ನಾಕುಲಂ 1990ರಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿದ್ದು ಅವರ ದುಡಿಮೆಯಿಂದ. ಹೀಗೆ ದುಡಿಯುವವರಿಗೆ ಊರು ಕೊಡಬಲ್ಲದ್ದು ಗೌರವವನ್ನು ಮಾತ್ರ. ಗಣಪತಿ ಹಬ್ಬದ ಪೆಂಡಾಲಿನಲ್ಲಿ ಶಾಲು ಹೊದಿಸಿಕೊಳ್ಳುವವರು ಸಾಮಾನ್ಯವಾಗಿ ಯಾರು ಎಂಬುದನ್ನು ಬಲ್ಲವರಿಗೆ, ಒಂದು ವರ್ಷವಾದರೂ ಆ ಶಾಲು ಪಾಠ ಹೇಳಿದವಳ ಹೆಗಲಿಗೆ ಬಂದದ್ದನ್ನು ಮಕ್ಕಳು ಕಣ್ಣಾರೆ ನೋಡುವುದು ಸಣ್ಣ ವಿಷಯವೆಂದು ತೋರದು.

ವಿರೋಧ

ಆ ಹುಡುಗನಿಗೆ ಕಳೆಯುವ ಲೆಕ್ಕ ಶಾಲೆಯಲ್ಲಿ ಏಕೆ ಬರಲಿಲ್ಲ ಎಂಬುದನ್ನು ಮೊದಲು ಕೇಳಬೇಕು. ಒಂದರಿಂದ ಐದನೆಯ ತರಗತಿಯವರೆಗಿನ ಅವನ ಶಾಲೆಗೆ ಇದ್ದದ್ದು ಒಬ್ಬರೇ ಮೇಷ್ಟ್ರು. ಬಿಸಿಯೂಟದ ಲೆಕ್ಕ ಬರೆಯುವವರೂ ಅವರೇ, ತಾಲ್ಲೂಕು ಕೇಂದ್ರದ ಸಭೆಗೆ ಹೋಗುವವರೂ ಅವರೇ. ಅವರು ಸಭೆಗೆ ಹೋದ ದಿನ ಅಡುಗೆಯವರೇ ಮಕ್ಕಳನ್ನು ಕಾಯುತ್ತಿದ್ದರು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಐದನೆಯವರೆಗಿನ ಶಾಲೆಯಲ್ಲಿ ಮಕ್ಕಳು ಅರವತ್ತರ ಒಳಗಿದ್ದರೂ ಇಬ್ಬರು ಶಿಕ್ಷಕರಿರಬೇಕು. ಯಾವ ಸರ್ಕಾರಿ ಶಾಲೆಯಲ್ಲೂ ಖಾಲಿ ಹುದ್ದೆ ಮಂಜೂರಾದುದರ ಶೇ. 10ನ್ನು ಮೀರಬಾರದು. ಇಬ್ಬರಲ್ಲಿ ಒಬ್ಬರಿಲ್ಲವೆಂದರೆ ಅದು ಶೇ. 50. ಈ ಸರಳ ಭಾಗಾಕಾರವನ್ನು ಸನ್ಮಾನದ ವೇದಿಕೆಯಲ್ಲಿ ಮಾಡಿದವರನ್ನು ನಾನು ಇನ್ನೂ ನೋಡಿಲ್ಲ.

ಮುಂದೆ ನಡೆದದ್ದನ್ನೂ ಹೇಳಬೇಕು. ಜಗುಲಿಯ ಪಾಠದ ಹೆಸರು ಹರಡಿದ ಮೇಲೆ, ಹಗಲೂ ಶಾಲೆಗೆ ಬಂದು ಒಂದೆರಡು ತರಗತಿ ನೋಡಿಕೊಳ್ಳುವಂತೆ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಅವಳನ್ನು ಕೇಳಿದರು, ಅವಳು ಒಪ್ಪಿದಳು. ಎರಡನೆಯ ಶಿಕ್ಷಕರಿಗಾಗಿ ಅದುವರೆಗೆ ಅರ್ಜಿ ಹಿಡಿದು ಓಡಾಡುತ್ತಿದ್ದವರು, “ಹೇಗೂ ನಡೀತಾ ಇದೆಯಲ್ಲ” ಎಂದು ಸುಮ್ಮನಾದರು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಂಡರೆ ಅವರಿಗೆ ಗೌರವಧನ ಕೊಡಬೇಕಾಗುತ್ತದೆ. ಅದೇ ಕೆಲಸಕ್ಕೆ ಬೇಕಾದ ಓದನ್ನೇ ಓದಿದ್ದ ಇವಳಿಗೆ ಸಿಕ್ಕದ್ದು ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ. ತೋಟದ ಕೆಲಸಕ್ಕೆ ಒಂದು ದಿನದ ಕೂಲಿ ಬಾಕಿ ಉಳಿಸಿಕೊಂಡರೆ ಮರುದಿನ ಆಳು ಬರುವುದಿಲ್ಲವೆಂದು ಬಲ್ಲ ಊರು, ಹೆಣ್ಣುಮಗಳ ವರ್ಷದ ದುಡಿಮೆಯನ್ನು ಸೇವೆಯೆಂದು ಕರೆದು ನೆಮ್ಮದಿಯಾಗಿತ್ತು. ಅವಳ ಜಾಗದಲ್ಲಿ ಡಿ.ಎಡ್. ಆದ ಗಂಡು ಹುಡುಗನಿದ್ದಿದ್ದರೆ, “ಎಷ್ಟು ದಿನ ಪುಕ್ಕಟೆ ದುಡೀತೀಯ ಮಾರಾಯ” ಎಂದು ಕೇಳುವವರು ಇರುತ್ತಿದ್ದರು.

ಅವಳು ಎರಡನೆಯ ವರ್ಷ ಇರಲಿಲ್ಲ. ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಹೋದಳು. ಹೋದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಮಕ್ಕಳಿಗೆ ಜಗುಲಿಯೂ ಹೋಯಿತು, ಶಾಲೆಯ ಎರಡನೆಯ ಕುರ್ಚಿಯೂ ಮತ್ತೆ ಖಾಲಿಯಾಯಿತು. ಸಾಕ್ಷರತಾ ಆಂದೋಲನದ ಉದಾಹರಣೆ ಕೊಡುವವರು ಇದನ್ನೂ ನೆನೆಯಬೇಕು: ಆಂದೋಲನದ ಕಾವು ಇಳಿದ ಮೇಲೆ ಕಲಿಕೆಯನ್ನು ಮುಂದುವರಿಸುವ ಗಟ್ಟಿ ಏರ್ಪಾಡು ಇಲ್ಲದ ಕಡೆಗಳಲ್ಲಿ, ಸಹಿ ಹಾಕಲು ಕಲಿತಿದ್ದವರು ಮತ್ತೆ ಹೆಬ್ಬೆಟ್ಟಿಗೆ ಮರಳಿದರು. ಬಂದುಹೋಗುವ ಒಳ್ಳೆಯತನದ ಮೇಲೆ ಐದು ವರ್ಷದ ಪ್ರಾಥಮಿಕ ಶಿಕ್ಷಣವನ್ನು ನಿಲ್ಲಿಸಲು ಬರುವುದಿಲ್ಲ.

ಸನ್ಮಾನವನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಶಾಲಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹಾರ ತರುವ ಮೊದಲು ಎಸ್‌ಡಿಎಂಸಿ ಸಭೆ ಕರೆದು, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ ಎಂಬುದನ್ನು ನಡಾವಳಿಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಲಿ. ಅದರ ಪ್ರತಿಯನ್ನು ವೇದಿಕೆಯ ಮೇಲೆ, ಸನ್ಮಾನಪತ್ರಕ್ಕಿಂತ ಮುಂಚೆ, ಗಟ್ಟಿಯಾಗಿ ಓದಲಿ. ಮೈಕು ಹೇಗೂ ಬಾಡಿಗೆಗೆ ಬಂದಿರುತ್ತದೆ.