ಎಲ್‌ಎಲ್‌ಬಿ ಪರೀಕ್ಷೆ: ಕನ್ನಡದಲ್ಲಿ ಬರೆಯೋದಾ, ಇಂಗ್ಲಿಷ್‌ನಲ್ಲಾ?

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಒಂದು ಸೂಚನೆ ಇರುತ್ತದೆ. ಉತ್ತರವನ್ನು ಪೂರ್ತಿ ಇಂಗ್ಲಿಷ್‌ನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬೇಕು ಅಂತ. ಡಿಗ್ರಿ ಆದಮೇಲೆ ಸೇರುವ ಮೂರು ವರ್ಷದ ಕೋರ್ಸ್ ಇರಲಿ, ಪಿಯುಸಿ ಆದಮೇಲೆ ಸೇರುವ ಐದು ವರ್ಷದ್ದಿರಲಿ, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್‌ನಲ್ಲೇ ಈ ಸಾಲಿನ ಮುಂದೆ ಯೋಚಿಸುತ್ತಾ ಕೂರುತ್ತಾರೆ. ಅವರು ಯಾವುದನ್ನು ಹಿಡಿಯಬೇಕು? ತಾಲ್ಲೂಕು ಕೋರ್ಟಿನ ಒಬ್ಬ ವಕೀಲರ ಮಾತು ಮೊದಲು, ಲಾ ಕಾಲೇಜಿನ ಒಬ್ಬ ಅಧ್ಯಾಪಕಿಯ ಮಾತು ಆಮೇಲೆ.

ಪರ: ಕನ್ನಡದಲ್ಲೇ ಬರೆಯಲಿ

ನಾನು ಎಲ್‌ಎಲ್‌ಬಿಯ ಎಲ್ಲ ಪೇಪರನ್ನೂ ಇಂಗ್ಲಿಷ್‌ನಲ್ಲಿ ಬರೆದವನು. ಅಂಕವೂ ಚೆನ್ನಾಗೇ ಬಂದಿತ್ತು. ಸೀನಿಯರ್ ಹತ್ತಿರ ಸೇರಿದ ಎರಡನೇ ವರ್ಷ ಒಂದು ಜಮೀನಿನ ದಾವೆಯಲ್ಲಿ ಸಾಕ್ಷಿ ನಡೆಸಲು ನನ್ನನ್ನು ಬಿಟ್ಟರು. ಒಂದೂವರೆ ಎಕರೆ ಖುಷ್ಕಿ. ನಮ್ಮ ಕಕ್ಷಿದಾರರು ಅರವತ್ತು ದಾಟಿದ ರೈತರು. ಪಹಣಿ ಇನ್ನೂ ತೀರಿಹೋದ ಅಣ್ಣನ ಹೆಸರಲ್ಲೇ ಇತ್ತು. ಅಣ್ಣನ ಮಕ್ಕಳು ಹೊಲಕ್ಕೆ ನುಗ್ಗುತ್ತಿದ್ದಾರೆ, ತಡೆಯಿರಿ ಅಂತ ನಮ್ಮ ದಾವೆ.

ಪಾಟೀ ಸವಾಲಿನಲ್ಲಿ ಎದುರು ಪಾರ್ಟಿ ವಕೀಲರು ಕೇಳಿದರು: "ಹೊಲ ಯಾರದು?"

ನಮ್ಮವರು ಕಟಕಟೆ ಹಿಡಿದುಕೊಂಡು, "ಅಣ್ಣಂದು ಸ್ವಾಮಿ" ಅಂದರು.

ಊರಿನಲ್ಲಿ ಆ ಮಾತಿಗೆ ಅರ್ಥ ಬೇರೆ. ಖಾತೆ ಹಿರಿಯನ ಹೆಸರಲ್ಲಿದೆ, ಉಳುಮೆ, ಬಿತ್ತನೆ, ಕಂದಾಯ ಎಲ್ಲ ನಂದೇ ಅನ್ನೋದು ಅದರೊಳಗೇ ಇರುತ್ತದೆ. ಆ ದಿನ ಸಾಕ್ಷ್ಯ ಇಂಗ್ಲಿಷ್‌ನಲ್ಲಿ ಟೈಪ್ ಆಗುತ್ತಿತ್ತು. ಕಾಗದದ ಮೇಲೆ ಇಳಿದದ್ದು, ಜಮೀನು ನನ್ನ ಅಣ್ಣನ ಒಡೆತನ ಮತ್ತು ಸ್ವಾಧೀನದಲ್ಲಿದೆ ಅನ್ನುವ ವಾಕ್ಯ. ಸ್ವಾಧೀನ ಅನ್ನೋ ಪದ ಅವರ ಬಾಯಿಂದ ಬಂದೇ ಇರಲಿಲ್ಲ. ಬರೀ ತಡೆಯಾಜ್ಞೆ ಕೇಳಿದ ದಾವೆಯಲ್ಲಿ ಸ್ವಾಧೀನ ಹೋದರೆ ಇನ್ನೇನು ಉಳಿಯುತ್ತೆ?

ನಾನು ಎದ್ದು ತಕರಾರು ಮಾಡಬೇಕಿತ್ತು, ಮಾಡಲಿಲ್ಲ. ಒಡೆತನಕ್ಕೂ ಸ್ವಾಧೀನಕ್ಕೂ ಏನು ವ್ಯತ್ಯಾಸ ಅಂತ ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿ ಆರು ಪುಟ ಬರೆದಿದ್ದೆ. ಆದರೆ ಅದೇ ವ್ಯತ್ಯಾಸ ಒಬ್ಬ ರೈತನ ಬಾಯಲ್ಲಿ ಬಂದಾಗ ನನ್ನ ಕಿವಿಗೆ ಬೀಳಲಿಲ್ಲ. ದಾವೆ ವಜಾ ಆಯಿತು. ಮೇಲ್ಮನವಿಯಲ್ಲಿ ಸರಿಹೋಯಿತು, ನಿಜ. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕೂ ವರ್ಷ ಅವರು ಆ ಹೊಲದಲ್ಲಿ ಕಾಲಿಡಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 5ನೇ ನಿಯಮ ಸಾಕ್ಷ್ಯವನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆದುಕೊಳ್ಳಬೇಕು ಅನ್ನುತ್ತದೆ. ನಮ್ಮ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಆ ನಿಯಮ ಹಿಡಿದು "ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಸಿಕೊಳ್ಳಿ" ಅಂತ ಕೇಳಬೇಕಾದರೆ ವಕೀಲನಿಗೆ ಮೊದಲು ಕನ್ನಡದಲ್ಲಿ ಕಾನೂನು ಹೊಳೆಯಬೇಕು.

ನಮ್ಮ ಕೈಗೆ ಬರುವ ಕಾಗದ ನೋಡಿ. ದೂರು, ಎಫ್‌ಐಆರ್, ಮಹಜರು, ಕ್ರಯಪತ್ರ, ಪಾಲುಪಟ್ಟಿ, ಪಹಣಿ, ಪೋಡಿ ನಕ್ಷೆ. ಎಲ್ಲ ಕನ್ನಡದಲ್ಲೇ ಇರುತ್ತವೆ. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಓಣಿ" ಅಂತಿದ್ದರೆ ಅದು ಬಂಡಿ ಓಡಾಡುವ ದಾರಿಯಾ, ಬರೀ ಮನುಷ್ಯರು ನಡೆಯೋ ಸಂದಿಯಾ ಅನ್ನೋದರ ಮೇಲೆ ಕೇಸೇ ನಿಂತಿರುತ್ತದೆ. ಇದನ್ನು ಇಂಗ್ಲಿಷ್ ಪುಸ್ತಕ ಕಲಿಸಲ್ಲ.

ಓದಿನ ವಿಷಯಕ್ಕೆ ಬರೋಣ. ಕಾಂಟ್ರಾಕ್ಟ್ ಪೇಪರಿನಲ್ಲಿ ಬಾಲ್ಫೋರ್ ಕೇಸು ಎಲ್ಲರೂ ಓದುತ್ತಾರೆ, 1919ರದ್ದು. ಗಂಡ ಸಿಲೋನಿನಲ್ಲಿ ಕೆಲಸದಲ್ಲಿದ್ದ. ಹೆಂಡತಿ ಆರೋಗ್ಯದ ಕಾರಣಕ್ಕೆ ಇಂಗ್ಲೆಂಡಿನಲ್ಲೇ ಉಳಿದಳು. ತಿಂಗಳಿಗೆ 30 ಪೌಂಡ್ ಕಳಿಸ್ತೀನಿ ಅಂತ ಮಾತು ಕೊಟ್ಟ, ಆಮೇಲೆ ನಿಲ್ಲಿಸಿದ. ಕೋರ್ಟು ಇದು ಕರಾರಲ್ಲ ಅಂದಿತು. ಇದನ್ನೇ ಕನ್ನಡದಲ್ಲಿ ಬರೆಯುವ ಹುಡುಗಿ "ಮನೆ ಒಳಗಿನ ಮಾತಿಗೆ ಕೋರ್ಟು ಯಾಕೆ ಬರಲ್ಲ, ಗಂಡ ಹೆಂಡತಿ ಬೇರೆಯಾದ ಮೇಲೆ ಆಗಿದ್ದರೆ ಏನಾಗುತ್ತಿತ್ತು" ಅಂತ ತಾನೇ ಯೋಚಿಸಿ ಮುಂದೆ ಹೋಗುತ್ತಾಳೆ. ಅದೇ ಹುಡುಗಿಯನ್ನು ಇಂಗ್ಲಿಷ್‌ನಲ್ಲಿ ಬರಿ ಅಂತ ಕೂರಿಸಿದರೆ ಬಾಯಿಪಾಠ ಮಾಡಿದ ನಾಲ್ಕು ಸಾಲು ಇಳಿಸಿ ಪೆನ್ನು ಕೆಳಗಿಡುತ್ತಾಳೆ. 80 ಅಂಕ, ಮೂರು ಗಂಟೆ. ಆ ಮೂರು ಗಂಟೆ ಕಾನೂನಿನ ಬಗ್ಗೆ ಯೋಚಿಸಬೇಕಾ, ವ್ಯಾಕರಣದ ಬಗ್ಗೆಯಾ?

ಮೊದಲ ವರ್ಷದಲ್ಲೇ ಪೇಪರ್ ಉಳಿಸಿಕೊಂಡು, ಮನೆಯಲ್ಲಿ ಹೇಳಲಾಗದೆ, ಊರಿಗೂ ಹೋಗದೆ ಅಂಗಡಿ ಕೆಲಸಕ್ಕೆ ಸೇರಿದ ಹುಡುಗರನ್ನು ನಾನು ನೋಡಿದ್ದೀನಿ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅವರ ಕೈಯಿಂದ ಕನ್ನಡ ಕಿತ್ತುಕೊಂಡು ಬರೀಗೈಲಿ ಕೂರಿಸಿದ್ದೇ ಅವರು ಸೋಲಲು ಕಾರಣ.

ಹೈಕೋರ್ಟು ಇಂಗ್ಲಿಷ್ ಅಲ್ವಾ ಅಂತ ಕೇಳುತ್ತಾರೆ. ಹೌದು. ಆದರೆ 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೇ ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟಿತು. ವಕೀಲಿಕೆಗೆ ಬೇಕಾದ ಬಾರ್ ಕೌನ್ಸಿಲ್‌ನ ಎಐಬಿಇ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾನೂನು ತಲೆಯಲ್ಲಿ ಗಟ್ಟಿಯಾಗಿ ಕೂತವನು ಇಂಗ್ಲಿಷನ್ನು ಸೀನಿಯರ್ ಆಫೀಸಿನಲ್ಲಿ ಎರಡು ವರ್ಷದಲ್ಲಿ ಕಲಿಯುತ್ತಾನೆ. ನಾನು ಆ ರೈತರ ಕನ್ನಡ ಕಲಿಯಲು ಅದಕ್ಕಿಂತ ಜಾಸ್ತಿ ಸಮಯ ಬೇಕಾಯಿತು.

ವಿರೋಧ: ಕನ್ನಡದಲ್ಲಿ ಕಲಿಯಲಿ, ಇಂಗ್ಲಿಷ್‌ನಲ್ಲಿ ಬರೆಯಲಿ

ಒಂದು ಬೇಸಿಗೆಯ ಮೌಲ್ಯಮಾಪನ. ಸಂವಿಧಾನದ ಪೇಪರು. ನನ್ನ ಮೇಜಿನ ಮೇಲೆ ಕನ್ನಡದಲ್ಲಿ ಬರೆದ ಮೂವತ್ತು ಉತ್ತರಪತ್ರಿಕೆ. ಕೇಶವಾನಂದ ಭಾರತಿ ಪ್ರಕರಣದ ಪ್ರಶ್ನೆ ಇತ್ತು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ತಿದ್ದಿ ಕೆಡಿಸುವಂತಿಲ್ಲ ಅಂದ ಕೇಸು. ಹತ್ತೊಂಬತ್ತು ಜನ ಒಂದೇ ಉತ್ತರ ಬರೆದಿದ್ದರು. ಒಂದೇ ಅಂದರೆ ಅಕ್ಷರಕ್ಕೆ ಅಕ್ಷರ. ಗೈಡಿನಲ್ಲಿ 1973 ಅನ್ನೋದು 1937 ಅಂತ ಅಚ್ಚಾಗಿತ್ತು. ಹತ್ತೊಂಬತ್ತರಲ್ಲೂ 1937. ಸಂವಿಧಾನ ಹುಟ್ಟುವ ಮೊದಲೇ ಅದರ ಮೂಲ ರಚನೆಯ ತೀರ್ಪು ಬಂದುಬಿಟ್ಟಿತ್ತು! ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಆ ಕೇಸು ನಮ್ಮದೇ ಅನ್ನಬಹುದು. ಅರ್ಜಿ ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. 13 ನ್ಯಾಯಮೂರ್ತಿಗಳು ಕೂತು, 7-6ರಲ್ಲಿ ತೀರ್ಪಾಯಿತು. ನೂರಾರು ಪುಟ. ಅಷ್ಟೂ ಪುಟದ ವಾದ, ಭಿನ್ನಮತ, ಅನುಮಾನ ಎಲ್ಲ ನಮ್ಮ ಮಕ್ಕಳಿಗೆ ಒಂದೂವರೆ ಪುಟದ ಗೈಡಾಗಿ ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವವರೂ ಗೈಡ್ ಓದುತ್ತಾರೆ, ಗೊತ್ತು. ಆದರೆ ಬೇಕೆನಿಸಿದ ದಿನ ಅವರು ಗೈಡ್ ಮುಚ್ಚಿ ತೀರ್ಪಿಗೇ ಹೋಗಬಹುದು. ಕನ್ನಡದಲ್ಲೇ ಐದು ವರ್ಷ ಬರೆದವನಿಗೆ ಗೈಡಿನ ಗೋಡೆ ದಾಟಲು ಬಾಗಿಲು ಸಿಗೋದು ಕಷ್ಟ.

ಇನ್ನು ಪದಗಳ ಪಾಡು. ದಾವೆ, ಜಾಮೀನು, ವಕಾಲತ್ತು, ಮಹಜರು, ಇವೆಲ್ಲ ಸಂತೆಯಲ್ಲೂ ಗೊತ್ತಿರುವ ಮಾತು. ಆದರೆ ಪಠ್ಯದ ಕನ್ನಡ ಅದಲ್ಲ. ಎಸ್ಟೊಪೆಲ್‌ಗೆ, ಅಂದರೆ ನಂಬಿಸಿ ಆಡಿದ ಮಾತಿನಿಂದ ಆಮೇಲೆ ಹಿಂದೆ ಸರಿಯುವಂತಿಲ್ಲ ಅನ್ನುವ ನಿಯಮಕ್ಕೆ, ವಿಬಂಧ ಅಂತಾರೆ. ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಮತ್ತೆ ಎತ್ತುವಂತಿಲ್ಲ ಅನ್ನುವ ರೆಸ್ ಜುಡಿಕೇಟಾಗೆ ಪೂರ್ವನ್ಯಾಯ. ಕಾಯ್ದೆಯ ಕನ್ನಡ ಅನುವಾದ ತೆಗೆದರೆ ಪ್ರತಿ ಕಲಮಿನ ಬಾಲದಲ್ಲಿ "ಪರಂತು" ನೇತಾಡುತ್ತಿರುತ್ತದೆ. ಹಳ್ಳಿಯಿಂದ ಬಂದ ಮಗುವಿಗೆ ವಿಬಂಧವೂ ಹೊಸದೇ, ಎಸ್ಟೊಪೆಲ್ಲೂ ಹೊಸದೇ. ಎರಡೂ ಹೊಸದಾದರೆ ಮುಂದೆ ಕೋರ್ಟಿನಲ್ಲಿ ಕಿವಿಗೆ ಬೀಳುವ ಪದವನ್ನೇ ಕಲಿಯಬಾರದಾ?

ಒಂದೇ ಪದಕ್ಕೆ ಒಂದೇ ಅರ್ಥ ಕೂಡ ನಿಂತಿಲ್ಲ. ಇಂಜಂಕ್ಷನ್‌ಗೆ ಒಂದು ಪುಸ್ತಕದಲ್ಲಿ ತಡೆಯಾಜ್ಞೆ, ಇನ್ನೊಂದರಲ್ಲಿ ನಿರ್ಬಂಧಕಾಜ್ಞೆ, ಮತ್ತೊಂದರಲ್ಲಿ ಪ್ರತಿಬಂಧಕಾಜ್ಞೆ. ಸ್ಟೇ ಅಂದರೂ ತಡೆಯಾಜ್ಞೆಯೇ. ದಾವೆ ನಡೆಯುತ್ತಿರುವಾಗ ಎದುರು ಪಾರ್ಟಿಯನ್ನು ತಡೆದು ನಿಲ್ಲಿಸುವ ತಾತ್ಕಾಲಿಕ ಇಂಜಂಕ್ಷನ್ ಇರೋದು ಸಿವಿಲ್ ಸಂಹಿತೆಯ 39ನೇ ಆದೇಶದಲ್ಲಿ. ಮೇಲ್ಮನವಿ ಹಾಕಿದಾಗ ಡಿಕ್ರಿ ಜಾರಿಯನ್ನು ನಿಲ್ಲಿಸುವ ಸ್ಟೇ ಇರೋದು 41ನೇ ಆದೇಶದಲ್ಲಿ. ಎರಡೂ ಬೇರೆ ಬೇರೆ ಪರಿಹಾರ, ಕೇಳುವ ಹೊತ್ತೂ ಬೇರೆ, ಕೋರ್ಟು ನೋಡುವ ಅಂಶವೂ ಬೇರೆ. ತಡೆಯಾಜ್ಞೆ ಅಂತ ಒಂದೇ ಪದ ಕಲಿತ ಮಕ್ಕಳು 39ರ ಪ್ರಶ್ನೆಗೆ 41ರ ಉತ್ತರ ಬರೆಯುತ್ತಾರೆ. ನಾನು ಸೊನ್ನೆ ಹಾಕಬೇಕು. ಹಾಕುವಾಗ ಕೈ ನಡುಗುತ್ತದೆ, ತಪ್ಪು ಆ ಮಗುವಿನದಲ್ಲ.

ಹೈಕೋರ್ಟಿನ ಮಾತು. ಸಂವಿಧಾನದ 348ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ಭಾಷೆ ಇಂಗ್ಲಿಷ್. ರಾಜ್ಯಪಾಲರು ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಕಲಾಪಕ್ಕೆ ರಾಜ್ಯದ ಭಾಷೆ ತರಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದಲ್ಲಿ ಹಿಂದಿಗೆ ಹಾಗೆ ಅವಕಾಶ ಸಿಕ್ಕಿದೆ. ಕರ್ನಾಟಕವೂ ಕನ್ನಡಕ್ಕೆ ಕೇಳಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಆ ಪ್ರಸ್ತಾವವನ್ನು ಒಪ್ಪಲಿಲ್ಲ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ, ಹೋರಾಡಬೇಕು. ಆದರೆ ಆ ಹೋರಾಟ ಗೆಲ್ಲುವವರೆಗೆ ಈ ವರ್ಷದ ನನ್ನ ಮಕ್ಕಳು ಕಾಯುತ್ತಾ ಕೂರಬೇಕಾ? ಧಾರವಾಡ, ಕಲಬುರಗಿಗೆ 2008ರಲ್ಲಿ ಹೈಕೋರ್ಟ್ ಪೀಠ ಬಂತು. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಊರು ಹತ್ತಿರವಾಯಿತು, ಭಾಷೆ ಅಷ್ಟೇ ದೂರ ಉಳಿಯಿತು.

ನನ್ನ ಒಬ್ಬ ವಿದ್ಯಾರ್ಥಿನಿ ಹತ್ತೂ ಸೆಮಿಸ್ಟರ್ ಕನ್ನಡದಲ್ಲಿ ಬರೆದು ಒಳ್ಳೆಯ ಅಂಕ ತಗೊಂಡಳು. ಹೈಕೋರ್ಟ್ ವಕೀಲರೊಬ್ಬರ ಆಫೀಸು ಸೇರಿದಳು. ಮೊದಲ ವಾರ ನಲವತ್ತು ಪುಟದ ತೀರ್ಪು ಕೊಟ್ಟು, ನಾಳೆ ಬೆಳಿಗ್ಗೆ ಒಂದು ಪುಟದ ಸಾರಾಂಶ ಬೇಕು ಅಂದರಂತೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದಳು. "ಮೇಡಂ, ಕಾನೂನು ಗೊತ್ತಾಗ್ತಿದೆ. ವಾಕ್ಯ ಬರ್ತಿಲ್ಲ." ಆಮೇಲೆ ಅಳು. ಮೂರು ತಿಂಗಳಿಗೆ ಊರಿಗೆ ವಾಪಸ್ಸಾದಳು. ಸೀನಿಯರ್ ಆಫೀಸಿನಲ್ಲಿ ಇಂಗ್ಲಿಷ್ ಕಲಿಯಬಹುದು ಅನ್ನುವವರಿಗೆ ನಾನು ಹೇಳೋದಿಷ್ಟೇ: ಸೀನಿಯರ್‌ಗೆ ಕಲಿಸಲು ಪುರುಸೊತ್ತಿಲ್ಲ. ತಪ್ಪು ಮಾಡಲು ಜಾಗ ಇರೋದು ಕಾಲೇಜಿನಲ್ಲಿ, ಐದು ವರ್ಷ ಇದ್ದೇ ಇದೆ.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಭಾಷಾಂತರದ ಪೇಪರೇ ಒಂದಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಒಂದು ಕೈ ಮಾತ್ರ ಪಳಗಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಅಂತೂ ಇಂಗ್ಲಿಷ್‌ನಲ್ಲೇ, ಹಾಗಾಗಿ ಬೆಂಗಳೂರಿನ ನಾಗರಭಾವಿಯಲ್ಲೇ ಇರುವ ರಾಷ್ಟ್ರೀಯ ಕಾನೂನು ಶಾಲೆ ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಮೊದಲೇ ದೂರ. ಕಾನ್ವೆಂಟಿನಿಂದ ಬಂದವರು ಯಾವ ಭಾಷೆ ಅಂತ ಯೋಚಿಸುವುದೇ ಇಲ್ಲ, ಇಂಗ್ಲಿಷ್‌ನಲ್ಲಿ ಬರೆದು ಮುಂದೆ ಹೋಗುತ್ತಾರೆ. ನಿಮಗೆ ಕನ್ನಡ ಸಾಕು ಅಂತ ನಾವು ಹೇಳೋದು ಬಡವರ ಮಕ್ಕಳಿಗೆ ಮಾತ್ರ. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ.

ಹಾಗಂತ ಕ್ಲಾಸಿನಲ್ಲಿ ಇಂಗ್ಲಿಷ್ ಸುರಿದು ಬರುವುದನ್ನು ನಾನು ಒಪ್ಪಲ್ಲ. ನನ್ನ ಪಾಠವೆಲ್ಲ ಕನ್ನಡದಲ್ಲಿ. ಜಗಳ, ಚರ್ಚೆ, ಉದಾಹರಣೆ ಎಲ್ಲ ಕನ್ನಡದಲ್ಲೇ. ವಾರಕ್ಕೊಮ್ಮೆ ಒಂದು ತೀರ್ಪಿನ ಒಂದೇ ಪ್ಯಾರಾ ಬೋರ್ಡಿನ ಮೇಲೆ ಬರೆಯುತ್ತೀನಿ. ಕನ್ನಡದಲ್ಲಿ ಬಿಡಿಸುತ್ತೇವೆ. ಆಮೇಲೆ ಪ್ರತಿಯೊಬ್ಬರೂ ಇಂಗ್ಲಿಷ್‌ನಲ್ಲಿ ಐದು ವಾಕ್ಯ ಬರೆಯಬೇಕು. ಸಣ್ಣ ವಾಕ್ಯ, ತಪ್ಪಿದ್ದರೂ ಪರವಾಗಿಲ್ಲ. ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್. ನಾನು ಕೆಂಪು ಪೆನ್ನು ಮುಟ್ಟಲ್ಲ, ಪೆನ್ಸಿಲ್‌ನಲ್ಲಿ ತಿದ್ದುತ್ತೀನಿ.

ಹೋದ ವರ್ಷ ಆ ಐದು ವಾಕ್ಯಕ್ಕೆ ಒಂದು ಗಂಟೆ ಬೆವರಿದ ಹುಡುಗ ಈಗ ಮೂರನೇ ಸೆಮಿಸ್ಟರ್. ಮೊನ್ನೆ ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪಿನ ಮೊದಲ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡು ಸ್ಟಾಫ್ ರೂಮಿಗೆ ಬಂದ. ಒಂದು ಕೈಲಿ ಗೈಡು, ಇನ್ನೊಂದು ಕೈಲಿ ಪ್ರಿಂಟು. "ಗೈಡಲ್ಲಿ ಏಳು ಜನ ನ್ಯಾಯಮೂರ್ತಿಗಳು ಅಂತಿದೆ ಮೇಡಂ. ಇಲ್ಲಿ ಒಂಬತ್ತು ಹೆಸರಿದೆ, ನಾನೇ ಎಣಿಸಿದೆ."